ಪೀಠಿಕೆಯಿಂದ ಹೊಟ್ಟೆ ತುಂಬುವುದಿಲ್ಲ

ಮೊನ್ನೆ ನಮ್ಮ ಮನೆಗೆ ಮಿಕ್ಸರ್ ಬಂತು. ಫೋಂಡಾದ ಅಂಗಡಿಯಿಂದ ನಮ್ಮ ಯಜಮಾನರು ಅದನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದರು. ನಾನು ಹಿಂದೆ ಉಳ್ಳಾಗಡ್ಡಿ ಚೀಲಗಳ ನಡುವೆ ಕುಳಿತು ಬಂದೆ. ಆ ಮಾತು ಇರಲಿ, ಅದನ್ನು ಅವರ ಹತ್ತಿರ ಬೇರೆಯಾಗಿ ಮಾತಾಡಿದ್ದೇನೆ. ಡಬ್ಬಿಯೊಳಗೆ ಮಿಕ್ಸರಿನ ಜೊತೆ ಹಿಂದಿಯಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಿಕೆ ಇತ್ತು. ಅದರ ಮೊದಲನೆಯ ಸಾಲು ಹೀಗಿತ್ತು: ಯಂತ್ರವನ್ನು ಡಬ್ಬಿಯಿಂದ ಹೊರಗೆ ತೆಗೆಯಿರಿ.

ಯಜಮಾನರು ಬಿದ್ದು ಬಿದ್ದು ನಕ್ಕರು. ಡಬ್ಬಿಯೊಳಗೇ ಇಟ್ಟು ಚಟ್ನಿ ರುಬ್ಬುವ ಶಾಣ್ಯಾ ಎಲ್ಲಿದ್ದಾನೆ ತೋರಿಸು ಎಂದರು. ನನಗೆ ನಗು ಬರಲಿಲ್ಲ. ಆ ಸಾಲು ಬರೆದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದು ಎಷ್ಟು ಕಷ್ಟ ಎನ್ನುವುದನ್ನು ಕಂಕುಳಲ್ಲಿ ತಮ್ಮನನ್ನು ಇಟ್ಟುಕೊಂಡು ಕಲಿತವಳು ನಾನು.

ನಕ್ಕವರ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಯಜಮಾನರನ್ನು ಯಾರಾದರೂ ದಾರಿ ಕೇಳಿದರೆ, "ಸೀದಾ ಹೋಗ್ರಿ, ಅಲ್ಲೇ ಬರತೈತಿ" ಎನ್ನುತ್ತಾರೆ. ಆ ಸೀದಾ ದಾರಿಯಲ್ಲಿ ಎರಡು ತಿರುವು, ಒಂದು ಸೇತುವೆ, ಒಂದು ಚರ್ಚು ಇರುತ್ತವೆ. ದಿನವೂ ಓಡಾಡುವ ದಾರಿ ಅವರಿಗೆ ಸೀದಾ ಕಾಣುತ್ತದೆ, ಅವರ ತಪ್ಪಲ್ಲ. ಅವರು ನನ್ನ ಗೂಳಪ್ಪ ಮಾಸ್ತರ ಕೈಯಲ್ಲಿ ಕಲಿಯಲಿಲ್ಲ, ಅಷ್ಟೆ.

ಎಂಬತ್ತರ ದಶಕದ ಮಾತು. ನಾವಿದ್ದದ್ದು ಗೋವೆಯ ಉಸಗಾಂವದ ಒಂದು ಚಾಳಿನಲ್ಲಿ, ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ. ನಾವು ನದಾಫರು, ವಿಜಾಪುರದ ಕಡೆಯವರು. ಗಾದಿ ಹೊಲಿಯುವ ಕಸುಬು ಅಜ್ಜನ ಕಾಲಕ್ಕೇ ಮುಗಿದಿತ್ತು. ಅಪ್ಪ ಗಣಿಯ ಅದಿರು ಹೊರುವ ಟ್ರಕ್ಕು ನಡೆಸುತ್ತಿದ್ದ. ಚಾಳಿನ ತುಂಬ ನಮ್ಮ ಕಡೆಯ ಜನವೇ. ಬೀದಿಯಲ್ಲಿ ಕೊಂಕಣಿ, ಗಣಿಯಲ್ಲಿ ಹಿಂದಿ, ಒಲೆಯ ಮುಂದೆ ಕನ್ನಡ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ಕೆಂಪು ರಾಡಿ. ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಗುಲಾಬಿ ಆಗುತ್ತಿತ್ತು. ಹಾಗಾಗಿ ನಮ್ಮ ಶಾಲೆಯ ಯೂನಿಫಾರ್ಮಿನ ಬಣ್ಣ ಯಾವುದು ಎಂದು ಯಾರೂ ಖಚಿತವಾಗಿ ಹೇಳಲಾರರು.

ಶಾಲೆ ಎಂದರೆ ಒಂದೇ ಖೋಲಿ, ಒಬ್ಬರೇ ಮಾಸ್ತರು. ನಮ್ಮವರೇ ಸೇರಿ ನಡೆಸುತ್ತಿದ್ದ ಕನ್ನಡ ಶಾಲೆ. ಮಾಸ್ತರಿದ್ದಾಗ ಅದು ಶಾಲೆ, ಮಾಸ್ತರು ಹೋದ ಮೇಲೆ ಪಕ್ಕದ ಗ್ಯಾರೇಜಿನವನ ಹಳೆಯ ಟಾಯರು ಇಡುವ ಜಾಗ. ಮಾಸ್ತರುಗಳು ಹೋಗುತ್ತಲೂ ಇದ್ದರು. ಜೂನಿನಲ್ಲಿ ಬರುವುದು, ಮಳೆಯಲ್ಲಿ ನೆನೆಯುವುದು, ಚೌತಿಯ ಸೂಟಿಗೆ, ಅಂದರೆ ರಜೆಗೆ, ಊರಿಗೆ ಹೋಗುವುದು. ಚೌತಿಗೆ ಹೋದ ಮಾಸ್ತರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಗೋವೆಯಲ್ಲಿ ಚೌತಿ ಎಂದರೆ ಎಲ್ಲರಿಗೂ ಸಂಭ್ರಮ. ನಮ್ಮ ಶಾಲೆಗೆ ಮಾತ್ರ ಟಾಯರು ಬರುವ ಹಬ್ಬ.

ಆ ವರ್ಷ ಚೌತಿಯ ಮೇಲೆ ನನ್ನದೂ ಒಂದು ಲೆಕ್ಕ ನಿಂತಿತ್ತು. ಮಳೆಗಾಲದಲ್ಲಿ ಅದಿರಿನ ಟ್ರಕ್ಕುಗಳು ನಿಲ್ಲುತ್ತವೆ, ಅಪ್ಪ ಸಿಕ್ಕ ಕೂಲಿಗೆ ಹೋಗುತ್ತಿದ್ದ. ಫೋಂಡಾದಲ್ಲಿ ಕಟ್ಟಡದ ಕೆಲಸ ಚೌತಿ ಮುಗಿದ ಮೇಲೆ ಶುರುವಾಗುತ್ತದೆ, ಬಾ ಎಂದು ಅವ್ವನಿಗೆ ಕರೆ ಬಂದಿತ್ತು. ಆದರೆ ಮನೆಯಲ್ಲಿ ಕೈಗೂಸು. ಅವ್ವ ಸುತ್ತಿ ಬಳಸಿ ಮಾತಾಡುವವಳಲ್ಲ. ಒಂದು ಸಂಜೆ ತಮ್ಮನನ್ನು ನನ್ನ ಕಂಕುಳಿಗೆ ಏರಿಸುತ್ತಾ ಹೇಳಿದಳು: "ಚೌತಿ ತನಕ ನೋಡೂನು. ಈ ಮಾಸ್ತರೂ ಹ್ವಾದ್ರ ಸಾಲಿ ಮುಚ್ಚತೈತಿ. ಆಮ್ಯಾಲ ನೀ ಕೂಸಿನ್ನ ನೋಡ್ಕೊ, ನಾ ಕೆಲಸಕ್ಕ ಹೊಕ್ಕೇನಿ." ನಾನು ಆರನೆಯ ಇಯತ್ತೆಯಲ್ಲಿದ್ದೆ. ಶಾಲೆ ಬಿಟ್ಟ ಹುಡುಗಿಯರು ಕಂಕುಳಲ್ಲಿ ಕೂಸು ಇಟ್ಟುಕೊಂಡು ನೀರಿನ ನಲ್ಲಿಯ ಹತ್ತಿರ ನಿಲ್ಲುವುದನ್ನು ನೋಡಿದ್ದೆ. ಒಮ್ಮೆ ಅಲ್ಲಿ ನಿಂತವಳು ಮತ್ತೆ ಶಾಲೆಗೆ ಬಂದದ್ದಿಲ್ಲ. ನನಗೆ ಭಯವಾಯಿತು, ಖರೇ ಭಯ.

ಗೂಳಪ್ಪ ಮಾಸ್ತರು ನವಲಗುಂದದ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ಉದ್ದನೆಯ ಆಳು, ಸೊಂಟಕ್ಕೆ ಬೆಲ್ಟು. ಬಂದ ದಿನವೇ ಒಂದು ಘೋಷಣೆ ಮಾಡಿದರು: ವಿದ್ಯಾರ್ಥಿಗಳ ಮನೆಯಲ್ಲಿ ನಾನು ನೀರನ್ನೂ ಕುಡಿಯುವುದಿಲ್ಲ. ಅದಕ್ಕೆ ಕಾರಣ ಹಿಂದಿನ ಮಾಸ್ತರು. ಅವರು ಸರದಿಯ ಮೇಲೆ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಪರೀಕ್ಷೆಯ ಮಾರ್ಕು ಬಂದಾಗ ತಾಯಂದಿರು ಮಾರ್ಕಿನ ಹಿಂದೆ ಪಲ್ಯ ಹುಡುಕತೊಡಗಿದರು. ಅವರ ಮನೆಯ ಎಣಗಾಯಿಗೆ ಮಗ ಪಾಸಾದ, ನಮ್ಮ ಮನೆಯ ಬ್ಯಾಳಿಗೆ ಮಗಳು ನಪಾಸಾದಳು ಎಂದು ನಲ್ಲಿಯ ಹತ್ತಿರ ದೊಡ್ಡ ಜಗಳವೇ ಆಗಿತ್ತು. ಹೊಸ ಮಾಸ್ತರ ಕಿವಿಗೆ ಅದು ಬಿದ್ದಿತ್ತು.

ನನ್ನ ಅವ್ವನಿಗೆ ಈ ಘೋಷಣೆಯಿಂದ ಒಂದು ಬಗೆಯ ಸಮಾಧಾನ ಆಯಿತೆಂದು ಕಾಣುತ್ತದೆ. ಮುಸಲ್ಮಾನರ ಮನೆಯೆಂದು ನಮ್ಮಲ್ಲಿ ಅವರು ಉಣ್ಣುವುದಿಲ್ಲ ಎಂದು ಅವಳು ಮೊದಲೇ ಅಂದುಕೊಂಡಿದ್ದಳು. ಈಗ ನೋಡಿದರೆ ಯಾರ ಮನೆಯಲ್ಲೂ ಉಣ್ಣುವುದಿಲ್ಲ. ಹಂಗಾದ್ರ ಚಲೋ ಮನಷ್ಯಾ ಎಂದಳು.

ಚಲೋ ಮನುಷ್ಯ, ಆದರೆ ಹಸಿದ ಮನುಷ್ಯ. ಕನ್ನಡದ ಮನೆಗಳಲ್ಲಿ ಮಕ್ಕಳಿಲ್ಲದ ಮನೆಯನ್ನು ಎಲ್ಲಿಂದ ತರುವುದು? ಹೋಟೆಲಿಗೆ ಹೋದರೆ ಬಾಗಿಲಲ್ಲೇ ಬಾಂಗಡೆ ಮೀನಿನ ವಾಸನೆ ಅವರನ್ನು ಹಿಂದೆ ತಳ್ಳುತ್ತಿತ್ತು. ಬೆಳಿಗ್ಗೆ ಸೈಕಲ್ಲಿನ ಮೇಲೆ ಪೊಂ ಪೊಂ ಎಂದು ಬರುವ ಪಾವಿನವನೇ ಅವರಿಗೆ ಅನ್ನದಾತ. ಬೆಳಿಗ್ಗೆ ಭಾಜಿ ಪಾವು, ಮಧ್ಯಾಹ್ನ ಪಾವು ಭಾಜಿ, ರಾತ್ರಿ ಚಹಾದಲ್ಲಿ ಅದ್ದಿದ ಪಾವು. ಜುಲೈ ಬರುವಷ್ಟರಲ್ಲಿ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದರು. ಪಾಠದ ನಡುವೆ ಚಾಳಿನ ಯಾವುದಾದರೂ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ನಾವೂ ಅವರೊಂದಿಗೆ ನೋಡುತ್ತಿದ್ದೆವು. ಆಮೇಲೆ ಭೂಗೋಳ ಮುಂದುವರಿಯುತ್ತಿತ್ತು.

ಅಂಥ ಒಂದು ದಿನ ಅವರು ಹಲಗೆಯ ಮೇಲೆ 'ವಿವರಣಾತ್ಮಕ ನಿಬಂಧ' ಎಂದು ಬರೆದು, ಅದರ ಕೆಳಗೆ 'ಜೋಳದ ರೊಟ್ಟಿ ಮಾಡುವ ರೀತಿ' ಎಂದು ಬರೆದರು. ಓದಿದವನಿಗೆ ಕೆಲಸ ಮಾಡಲು ಬರಬೇಕು, ಅದೇ ವಿವರಣೆ ಎಂದರು. "ನನಗ ಏನೂ ಗೊತ್ತಿಲ್ಲಂತ ತಿಳದು ಬರೀರಿ. ನೀವು ಬರದಾಂಗ ನಾ ಮಾಡತೇನಿ. ರೊಟ್ಟಿ ಆದ್ರ ಪಾಸು, ಆಗಲಿಲ್ಲಂದ್ರ ನಪಾಸು." ಗೊತ್ತಿಲ್ಲವೆಂದು ನಟಿಸುತ್ತಿದ್ದಾರೆ ಎಂದುಕೊಂಡಿದ್ದೆವು. ಮನೆಗೆ ಒಬ್ಬನೇ ಮಗ, ಅಡುಗೆ ಖೋಲಿಯ ಹೊಸ್ತಿಲು ದಾಟಿದವರಲ್ಲ, ಖರೇನೇ ಏನೂ ಗೊತ್ತಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನಾನು ನಿಬಂಧದಲ್ಲಿ ಹುಷಾರು ಎಂದು ನನಗೊಂದು ಜಂಬವಿತ್ತು. ಹೇಗೆ ಶುರು ಮಾಡಿದೆ ಗೊತ್ತೇ? 'ಭಾರತವು ಕೃಷಿಪ್ರಧಾನ ದೇಶವಾಗಿದೆ. ನಮ್ಮ ದೇಶದಲ್ಲಿ ಅನೇಕ ನದಿಗಳು ಹರಿಯುತ್ತವೆ.' ನದಿಗಳಿಂದ ಹೊಲಕ್ಕೆ ಬಂದೆ, ಹೊಲದಿಂದ ರೈತನಿಗೆ ಬಂದೆ, ರೈತನ ಬೆವರಿನ ಬಗ್ಗೆ ಅರ್ಧ ಪುಟ ಬರೆದೆ. ಕಾಗದ ಮುಗಿಯುತ್ತಾ ಬಂದಾಗ ರೊಟ್ಟಿಯ ನೆನಪಾಗಿ, 'ಹಿಟ್ಟನ್ನು ನಾದಿ, ಬಡಿದು, ಹಂಚಿಗೆ ಹಾಕಿದರೆ ರೊಟ್ಟಿ ಸಿದ್ಧ. ಹೀಗೆ ರೊಟ್ಟಿಯು ಮಾನವನಿಗೆ ಬಹಳ ಉಪಕಾರಿಯಾಗಿದೆ' ಎಂದು ಮುಗಿಸಿದೆ. ನನ್ನ ಪಕ್ಕ ಕೂರುವ ಯಲ್ಲಪ್ಪ ಇನ್ನೂ ಮೇಲು. ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಆಕಳಿನ ನಿಬಂಧ ಒಂದೇ. ಆಕಳು ಎಂದಿದ್ದಲ್ಲೆಲ್ಲ ರೊಟ್ಟಿ ಎಂದು ಬರೆದು ಕೊಟ್ಟ. 'ರೊಟ್ಟಿಯು ಒಂದು ಸಾಧು ಪ್ರಾಣಿ. ಅದು ನಮಗೆ ಹಾಲು ಕೊಡುತ್ತದೆ.'

ಮರುದಿನ ಮಾಸ್ತರು ಒಂದು ತಾಟನ್ನು ಮುಚ್ಚಿಕೊಂಡು ತರಗತಿಗೆ ಬಂದರು. ಒಳಗೆ ಏನಿತ್ತೋ ಅದಕ್ಕೆ ಹೆಸರಿಲ್ಲ. ಒಂದಿಷ್ಟು ಚೂರು, ಒಂದಿಷ್ಟು ಪುಡಿ, ನಡುವೆ ಸುಟ್ಟ ಹೆಂಟೆ. ಸೀಮೆಎಣ್ಣೆ ಸ್ಟೋವಿನ ಮೇಲೆ ಹಂಚು ಎಂದು ಅವರು ಇಟ್ಟದ್ದು ಅಲ್ಯೂಮಿನಿಯಂ ಮುಚ್ಚಳ. ಯಾವ ಹಂಚು ಎಂದು ನಾವು ಬರೆದಿರಲಿಲ್ಲವಲ್ಲ. ಊರಿಂದ ತಂದ ಜೋಳವನ್ನು ಗಿರಣಿಯಲ್ಲಿ ಬೀಸಿಸಿಕೊಂಡು ಬಂದು ನಮ್ಮ ಒಂದೊಂದು ಕಾಗದವನ್ನೂ ಪರೀಕ್ಷೆ ಮಾಡಿದ್ದರು. ತಾಟನ್ನು ನನ್ನ ಮುಂದೆ ಇಟ್ಟು ಹೇಳಿದರು: "ಹುಸೇನಬಿ, ನಿನ್ನ ನದಿ ಭಾಳ ಚಂದ ಹರದಾವ. ಆದ್ರ ಪೀಠಿಕೆ ತಿಂದ್ರ ಹೊಟ್ಟಿ ತುಂಬೂದಿಲ್ಲ." ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ಯಲ್ಲಪ್ಪನಿಗೆ ಮಾತ್ರ ಅವರು ಬೈಯಲಿಲ್ಲ. ಹಾಲು ಕೊಡುವ ರೊಟ್ಟಿ ಸಿಕ್ಕರೆ ತಮಗೂ ಒಂದು ತಂದು ಕೊಡು ಎಂದರು.

ಎರಡನೆಯ ಸಲ ಎಲ್ಲರೂ ತಾಯಂದಿರನ್ನು ಕೇಳಿ ಬರೆದೆವು. ಅಲ್ಲಿ ಬೇರೆ ಪಂಚಾಯತಿ. ನೀರು ಎಷ್ಟು ಹಾಕುತ್ತೀ ಎಂದು ಕೇಳಿದರೆ ಅವ್ವ ಹಿಟ್ಟು ಹಿಡಿಯುವಷ್ಟು ಎಂದಳು. ಎಷ್ಟು ಹೊತ್ತು ನಾದಬೇಕು? ಆಗುವ ತನಕ. ಆಯಿತು ಎಂದು ಹೇಗೆ ಗೊತ್ತಾಗುತ್ತದೆ? ಕೈಗೆ ಗೊತ್ತಾಗುತ್ತದೆ. ಇದನ್ನೇ ಶುದ್ಧ ಕನ್ನಡಕ್ಕೆ ತಿರುಗಿಸಿ ಬರೆದುಕೊಟ್ಟೆ. ನಾನೊಬ್ಬಳೇ ಅಲ್ಲ, ಇಡೀ ತರಗತಿ ಅದನ್ನೇ ಬರೆದಿತ್ತು. ಮಾಸ್ತರು ಹಿಟ್ಟು ಮೆತ್ತಿದ ಮೊಣಕೈ ಕೆರೆದುಕೊಳ್ಳುತ್ತಾ ಬಂದು ಒಂದೇ ಪ್ರಶ್ನೆ ಕೇಳಿದರು: "ಕೈಗೆ ಗೊತ್ತಾಗುತ್ತದೆ ಅಂತ ಬರದೀರಿ. ಯಾರ ಕೈಗಿ?" ಆ ದಿನವೂ ರೊಟ್ಟಿ ಬಡಿಯುವಾಗ ಅಂಚು ಬಿರಿದು, ಎತ್ತುವಾಗ ನಡುವೆ ಹರಿದು ಕೈಯಲ್ಲೇ ಚೂರಾಗಿತ್ತು.

ತಮ್ಮ ಹೊಟ್ಟೆಪಾಡಿಗೆ ಮಾಸ್ತರು ನಮ್ಮಿಂದಲೇ ಅಡುಗೆ ಕಲಿಯುತ್ತಿದ್ದಾರೆ ಎಂದು ದೊಡ್ಡವರು ನಗುತ್ತಿದ್ದರು. ನಾನೂ ನಗುತ್ತಿದ್ದೆನೇನೋ. ಆದರೆ ಯಲ್ಲಪ್ಪ ಒಂದು ಸುದ್ದಿ ತಂದ: ಮಾಸ್ತರು ಮಂಚದ ಕೆಳಗಿಂದ ಟ್ರಂಕು ಹೊರಗೆಳೆದು ಒರೆಸುತ್ತಿದ್ದಾರೆ. ಚೌತಿ ಹತ್ತಿರ ಬಂದಿತ್ತು. ಸೂಟಿಗೆ ಹೋಗುವವರು ಕೈಚೀಲ ಒಯ್ಯುತ್ತಾರೆ, ಟ್ರಂಕು ಒಯ್ಯುವುದಿಲ್ಲ. ಗ್ಯಾರೇಜಿನವನೂ ಒಂದೆರಡು ಟಾಯರುಗಳನ್ನು ಶಾಲೆಯ ಗೋಡೆಗೆ ಒರಗಿಸಿಟ್ಟಿದ್ದ. ಊರಿನ ರೊಟ್ಟಿ ನೆನೆಸಿಕೊಂಡು ಹೋಗುವವರನ್ನು ಹಿಡಿದು ನಿಲ್ಲಿಸಲು ನನ್ನ ಹತ್ತಿರ ಇದ್ದದ್ದು ಒಂದು ನಿಬಂಧ ಮಾತ್ರ, ಅದೂ ಎರಡು ಸಲ ನಪಾಸಾದದ್ದು.

ಸೂಟಿಯ ಹಿಂದಿನ ದಿನ ಬೆಳಿಗ್ಗೆ ನಾನು ಅವ್ವನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ತಮ್ಮ ಕಂಕುಳಲ್ಲಿ. ಈ ಸಲ ಏನೂ ಕೇಳಬಾರದು, ಬರೀ ನೋಡಬೇಕು ಎಂದು ನಿಶ್ಚಯಿಸಿದ್ದೆ. ಮಾಸ್ತರು ನೋಡುವ ಹಾಗೆ, ರೊಟ್ಟಿಯನ್ನೇ ಕಾಣದವಳ ಹಾಗೆ ನೋಡಬೇಕು. ಅದು ಹೇಳಿದಷ್ಟು ಸುಲಭವಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅವ್ವ ಹಿಟ್ಟು ಹಾಕಿದಳು, ನಾದಿದಳು, ಬಡಿದಳು, ಎಲ್ಲ ನಾನು ಬರೆದ ಹಾಗೆಯೇ. ಆದರೆ ಅವಳ ರೊಟ್ಟಿ ಬಿರಿಯುತ್ತಿರಲಿಲ್ಲ. ನನ್ನ ನೋಟಕ್ಕೆ ಅವಳಿಗೆ ಮುಜುಗರ ಆಗತೊಡಗಿತು. "ಏನ್ ನೋಡಾಕತ್ತಿ? ರೊಟ್ಟಿ ಕಂಡಿಲ್ಲೇನ್?" ಎಂದಳು. ಅದನ್ನೇ ಪ್ರಯತ್ನ ಮಾಡುತ್ತಿದ್ದೇನೆ ಎಂದು ಹೇಳುವುದು ಹೇಗೆ?

ಅವಳು ಎರಡನೆಯ ಸಲ ಹಿಟ್ಟು ಹಾಕಿಕೊಳ್ಳುವಾಗ ತಮ್ಮ ನನ್ನ ಕಂಕುಳಿಂದ ಬಗ್ಗಿ ಒಲೆಯ ಹಿಂದಿನ ಪಾತ್ರೆಗೆ ಕೈ ಚಾಚಿದ. ಅವ್ವ ನನ್ನ ತೋಳಿಗೆ ಫಟ್ಟನೆ ಒಂದು ಕೊಟ್ಟು ಹಿಂದಕ್ಕೆ ತಳ್ಳಿದಳು. "ಎಸರು ಐತಿ, ಕೂಸು ಸುಟ್ಕೊಂತೈತಿ, ದೂರ ಸರಿ."

ಎಸರು. ಕುದಿಯುವ ನೀರು. ಆ ಮಾತನ್ನು ನಾನು ದಿನವೂ ಕೇಳುತ್ತಿದ್ದೆ. ಎಸರಿನ ಹತ್ತಿರ ಬರಬೇಡ, ಎಸರು ಉಕ್ಕಿತು ನೋಡು, ಎಸರಿಗೆ ನೀರು ಹಾಕು. ಚಾಳಿನ ಯಾವ ಮನೆಯಲ್ಲೂ ಎಸರಿಲ್ಲದ ಒಲೆ ಇರಲಿಲ್ಲ. ಅವ್ವ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ನೀರು ಸುರಿದಳು, ಸೌಟಿನಿಂದ ಕಲೆಸಿದಳು, ಹೊಗೆಯಾಡುವ ಹಿಟ್ಟನ್ನು ತಣ್ಣೀರು ಚಿಮುಕಿಸಿಕೊಂಡು ನಾದತೊಡಗಿದಳು. ಬಿಸಿ ನೀರಿಗೇ ಜೋಳದ ಹಿಟ್ಟು ಜಿಗಿ ಹಿಡಿಯುವುದು. ನಾವೆಲ್ಲ ನೀರು ಎಂದು ಬರೆದಿದ್ದೆವು, ಪಾಪ ಮಾಸ್ತರು ಕೊಡದಿಂದ ತಣ್ಣೀರು ತೆಗೆದು ಹಾಕಿದ್ದರು. ಇಡೀ ತರಗತಿಯಲ್ಲಿ ಒಬ್ಬರೂ ಎಸರು ಬರೆದಿರಲಿಲ್ಲ. ಅದು ಅಲ್ಲಿ ಇದ್ದೇ ಇರುತ್ತದಲ್ಲ, ಅದನ್ನೇನು ಬರೆಯುವುದು?

ತೋಳು ಉರಿಯುತ್ತಿತ್ತು, ನಾನು ನಗುತ್ತಿದ್ದೆ. ಹೊಡೆತ ತಿಂದು ನಗುವ ಮಗಳನ್ನು ಕಂಡು ಅವ್ವ ಗಾಬರಿಯಾದಳು.

ಅವತ್ತು ಬರೆದ ನಿಬಂಧದಲ್ಲಿ ನದಿ ಇರಲಿಲ್ಲ, ರೈತನ ಬೆವರೂ ಇರಲಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬರೆದೆ. 'ಮೊದಲು ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳಬೇಕು. ಸ್ಟೋವು ಹೊತ್ತಿಸಬೇಕು. ಎಸರಿಡಬೇಕು. ಎಸರು ಎಂದರೆ ಕುದಿಯುವ ನೀರು. ಮುಚ್ಚಳವು ಹಂಚಲ್ಲ, ಹಂಚು ಕಬ್ಬಿಣದ್ದು, ದಪ್ಪ ಇರಬೇಕು.' ಹೀಗೇ ಮುಂದೆ, ರೊಟ್ಟಿಯ ಮೇಲೆ ಒದ್ದೆ ಅರಿವೆ ಆಡಿಸಿ, ನೀರು ಆರಿದ ಮೇಲೆ ಮಗುಚಿ ಹಾಕುವ ತನಕ. ನಿಬಂಧ ಎಂದು ಹೇಳಿಕೊಳ್ಳಲು ನಾಚಿಕೆ ಆಗುವಂತಿತ್ತು. ಅದರಲ್ಲಿ ಒಂದೂ ಚಂದದ ಮಾತಿರಲಿಲ್ಲ.

ಕೊಡಲು ಹೋದಾಗ ಮಾಸ್ತರು ತಮ್ಮ ಖೋಲಿಗೆ ಕೀಲಿ ಹಾಕುತ್ತಿದ್ದರು. ಪಕ್ಕದಲ್ಲಿ ಟ್ರಂಕು. ನಾನು ಕಾಗದ ಚಾಚಿದೆ. ಅವರು ಓದಲಿಲ್ಲ, ಮಡಚಿ ಕಿಸೆಗೆ ಹಾಕಿಕೊಂಡರು. ತಮ್ಮನ ಗಲ್ಲ ಮುಟ್ಟಿ, ಚಲೋ ಓದು ಎಂದರು. ಹೋಗುವವರೆಲ್ಲ ಹೇಳುವ ಮಾತು ಅದು. ಫೋಂಡಾದ ಬಸ್ಸು ಬಂತು, ಟ್ರಂಕು ಮೇಲೆ ಏರಿತು, ಬಸ್ಸು ಕೆಂಪು ನೀರು ಹಾರಿಸಿಕೊಂಡು ತಿರುವಿನಲ್ಲಿ ಮರೆಯಾಯಿತು. ನನಗೆ ಅಳು ಬಂತು. ಕೂಸಿನ ಟೊಪ್ಪಿಗೆಯಲ್ಲಿ ಕಣ್ಣು ಒರೆಸಿಕೊಂಡೆ.

ಸೂಟಿಯ ತುಂಬ ಮಳೆ. ಓಣಿಯ ಗೋವೆಯವರ ಮನೆಗಳಲ್ಲಿ ಆರತಿ, ಪಟಾಕಿ. ನಮ್ಮ ಮನೆಯಲ್ಲಿ ಅವ್ವ ಕೆಲಸಕ್ಕೆಂದು ಹಳೆಯ ಸೀರೆಗೆ ತೇಪೆ ಹಾಕಿದಳು. ಶಾಲೆ ತೆರೆಯಬೇಕಾದ ದಿನ ನಾನು, ಯಲ್ಲಪ್ಪ ಬಸ್ಸು ನಿಲ್ಲುವ ಜಾಗದಲ್ಲಿ ಕಾದೆವು. ಬಸ್ಸುಗಳು ಬಂದವು, ಹೋದವು, ಮಾಸ್ತರು ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಗ್ಯಾರೇಜಿನವನು ಶಾಲೆಯ ಬಾಗಿಲ ತನಕ ಒಂದು ಟಾಯರು ಉರುಳಿಸಿಕೊಂಡು ಬಂದಿದ್ದ. ಅವ್ವ ಏನೂ ಬೈಯಲಿಲ್ಲ. ನಾಳೆಯಿಂದ ಕೂಸಿಗೆ ಗಂಜಿ ಯಾವಾಗ ಕುಡಿಸಬೇಕೆಂದು ಹೇಳಿಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವ ಬುತ್ತಿಯ ರೊಟ್ಟಿ ಬಡಿಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಅವಳ ಕೈ ನಿಂತರೂ ಎಲ್ಲೋ ಒಂದು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಮ್ಮ ಚಾಳಿನಲ್ಲಿ ಯಾರ ಮನೆಯ ಬಡಿತ ಯಾವುದು ಎಂದು ಎಲ್ಲರಿಗೂ ಗೊತ್ತು. ಇದು ಯಾರದೂ ಅಲ್ಲ. ಟಪ್ ಟಪ್ ಎಂದು ಜೋರಾಗಿ ಬರುತ್ತಿತ್ತು, ನಿಲ್ಲುತ್ತಿತ್ತು, ಯೋಚನೆ ಮಾಡಿ ಮತ್ತೆ ಒಂದು ಟಪ್ ಎನ್ನುತ್ತಿತ್ತು. ನಾನು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿದೆ.

ಮಾಸ್ತರ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಬನಿಯನ್ನಿನಲ್ಲಿದ್ದರು, ಮೊಣಕೈ ತನಕ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಒಂದು ಸ್ಟೋವಿನ ಜಾಗದಲ್ಲಿ ಎರಡು. ಒಂದರ ಮೇಲೆ ಎಸರು ಕುದಿಯುತ್ತಿತ್ತು. ಇನ್ನೊಂದರ ಮೇಲೆ ಎಣ್ಣೆ ಕುಡಿದು ಕಪ್ಪಗಾದ ಕಬ್ಬಿಣದ ಹಂಚು, ಅವರ ಅವ್ವ ಬಳಸಿದ್ದು. ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡು ಬಂದಿದ್ದರು. ಖಾಲಿ ಟ್ರಂಕು ಒಯ್ದದ್ದೇ ಅದಕ್ಕೆಂದು ಆಮೇಲೆ ಹೇಳಿದರು. ಮಾಸ್ತರು ಹಂಚು ಹೊತ್ತುಕೊಂಡು ಓಡಾಡಿದರು ಎಂದು ಜನ ನಗಬಾರದಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ರಾತ್ರಿ ತಡವಾಗಿ ಬಂದಿದ್ದರು. ನನ್ನ ಕಾಗದ ಸೀಮೆಎಣ್ಣೆ ಡಬ್ಬಿಗೆ ಒರಗಿ ನಿಂತಿತ್ತು, ಅದರ ತುಂಬ ಒದ್ದೆ ಬೆರಳಿನ ಗುರುತು. ಹಂಚಿನ ಮೇಲಿನ ರೊಟ್ಟಿ ದುಂಡಗಿರಲಿಲ್ಲ. ಆದರೆ ಬಿರಿದಿರಲಿಲ್ಲ, ಒಂದು ಕಡೆ ಉಬ್ಬಿತ್ತು.

ನನ್ನನ್ನು ನೋಡದೆಯೇ ಮಾಸ್ತರು ಹೇಳಿದರು: "ಹುಸೇನಬಿ, ನಿನ್ನ ನಿಬಂಧದಾಗ ಇನ್ನೂ ಒಂದು ತಪ್ಪೈತಿ. ಎರಡನೇ ರೊಟ್ಟಿ ಬಡಿಯುವಾಗ ಮೊದಲನೇದು ಸೀಯತೈತಿ. ಅದನ್ಯಾರು ಬರೀಬೇಕು?"

ಮನೆಗೆ ಓಡಿ ಬಂದು ಅವ್ವನ ಮುಂದೆ ನಿಂತೆ. ಏದುಸಿರು ಬಿಡುತ್ತಲೇ ಹಂಚಿನ ಸುದ್ದಿಯನ್ನು ಹೇಗೋ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಆ ಕಡೆಯ ಸಪ್ಪಳ ಕೇಳಿದಳು. ಆಮೇಲೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈ ಚಾಚಿದಳು.

"ಹಂಚು ಹೊತ್ಕೊಂಡು ಬಂದಾವ ಹೋಗಾಂಗಿಲ್ಲ. ಕೂಸಿನ್ನ ಇತ್ತ ಕೊಡು. ಕೆಲಸದಾಗ ಅಲ್ಲೇ ತೊಟ್ಟಿಲಾ ಕಟ್ಟಿದ್ರಾತು. ನೀ ಸಾಲಿಗಿ ನಡಿ."

ಕೂಸನ್ನು ಕೊಟ್ಟೆ. ಕಂಕುಳು ಹಗುರಾಯಿತು. ಪಾಟಿಚೀಲ ಹುಡುಕಿಕೊಂಡು ಶಾಲೆಯ ಕಡೆ ಓಡಿದೆ. ಗಂಟೆ ಇನ್ನೂ ಹೊಡೆದಿರಲಿಲ್ಲ. ಹೊಡೆಯಬೇಕಾದವರು ರೊಟ್ಟಿ ಬಡಿಯುತ್ತಿದ್ದರು.